ವಿದುರಾಶ್ವತ್ಥದ ದಾರೀಲಿ ಸ್ಕಾಟ್ಲೆಂಡ್ ಜಗಳ

ಗ್ಲಾಸ್ಗೋದಲ್ಲಿರೋ ನಮ್ಮ ಭಾವ ಈ ಸಲ ರಜೆಗೆ ಬಂದಾಗ ಕೇಳಿದ್ದು ಒಂದೇ, ನಂದಿ ಬೆಟ್ಟಕ್ಕೆ ಹೋಗ್ಬೇಕು ಅಂತ. ಆದ್ರೆ ದೊಡ್ಡಬಳ್ಳಾಪುರದಲ್ಲಿ ನಮ್ಮ ಸೋದರಮಾವ ಕಾರು ಹತ್ತಿದ್ರು, ಅವರು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದೋರು, ಅವರು ಹತ್ತಿದ್ಮೇಲೆ ರೂಟ್ ಕೂಡ ಅವರದ್ದೇ. "ನಂದಿ ಎಲ್ಲಿಗೂ ಓಡೋಗಲ್ಲ, ಮೊದ್ಲು ವಿದುರಾಶ್ವತ್ಥ" ಅಂದ್ರು. ಅಕ್ಕ ಮಕ್ಕಳ ಜೊತೆ ಬೆಂಗಳೂರಲ್ಲೇ ಉಳ್ಕೊಂಡಿದ್ಲು, ಚಿಕ್ಕಪೇಟೆ ಶಾಪಿಂಗ್ ಬಿಟ್ಟು ಯಾವ ಬೆಟ್ಟಕ್ಕೂ ಬರಲ್ಲ ಅವಳು.

ಮಾಕಳಿ ದುರ್ಗ ದಾಟೋವಷ್ಟರಲ್ಲಿ ಮಾತು ಸ್ಕಾಟ್ಲೆಂಡ್ ಕಡೆ ತಿರುಗ್ತು. ಮಾವ ಸುಮ್ನೆ ಕೇಳಿದ್ದು, ಅಲ್ಲಿ ಬೇರೆ ದೇಶ ಮಾಡ್ಕೊಳೋ ಗಲಾಟೆ ಏನಾಯ್ತು ಅಂತ. ಭಾವ ಹಿಂದಿನ ಸೀಟಿಂದ "ನಾನೂ ವೋಟು ಹಾಕಿದ್ದೆ ಮಾವ" ಅಂದ್ರು. ಮಾವ ಪೂರ್ತಿ ಹಿಂದಕ್ಕೆ ತಿರುಗಿ ಕೂತ್ಕೊಂಡ್ರು. "ಅಳಿಯಂದ್ರೇ, ನೀವು ಹಾಸನದೋರು, ಆಗ ಕೈಯಲ್ಲಿದ್ದಿದ್ದು ಇಂಡಿಯಾ ಪಾಸ್‌ಪೋರ್ಟು, ಅವರ ದೇಶದ ಹಣೆಬರಹಕ್ಕೆ ನೀವು ವೋಟು ಹಾಕಿದ್ರಾ?"

ಹಾಕಿದ್ದು ನಿಜ. ಬ್ರಿಟನ್ ಬಿಟ್ಟು ಬೇರೆ ದೇಶ ಆಗ್ಬೇಕಾ, ಯೆಸ್ಸಾ ನೋನಾ ಅಂತ 2014ರ ಸೆಪ್ಟೆಂಬರ್ 18ಕ್ಕೆ ಅಲ್ಲಿ ನಡೆದ ಜನಮತಗಣನೆಯಲ್ಲಿ ಸ್ಕಾಟ್ಲೆಂಡಲ್ಲಿ ವಾಸ ಇರೋ ಕಾಮನ್‌ವೆಲ್ತ್ ದೇಶದೋರಿಗೆಲ್ಲ ವೋಟಿತ್ತು, ಹದಿನಾರು ವರ್ಷದ ಹುಡುಗ್ರಿಗೂ ಇತ್ತು, ಆದ್ರೆ ಸ್ಕಾಟ್ಲೆಂಡಲ್ಲೇ ಹುಟ್ಟಿ ಲಂಡನ್ನಲ್ಲಿ ಮನೆ ಮಾಡ್ಕೊಂಡೋನಿಗೆ ಇರ್ಲಿಲ್ಲ. ಅಂದ್ರೆ ಯಾವ ರಕ್ತ, ಯಾವ ಭಾಷೆ ಅಂತ ಕೇಳ್ಲಿಲ್ಲ, ಇಲ್ಲಿ ಬದುಕ್ತಿದೀಯಾ, ಹಾಗಾದ್ರೆ ಹೇಳು ಅಂದ್ರು. ನನಗೆ ಇದು ಬಹಳ ಹಿಡಿಸ್ತು, ಮಾವನಿಗೆ ಸುತಾರಾಂ ಹಿಡಿಸ್ಲಿಲ್ಲ. ನೂರಕ್ಕೆ 84.6 ಜನ ಬಂದು ವೋಟು ಹಾಕಿದ್ರು ಅಂದಾಗ ಮಾತ್ರ ಅವರು ಸ್ವಲ್ಪ ಸುಮ್ನಾದ್ರು, ಬೆಂಗಳೂರು ಸಿಟೀಲಿ ಅರ್ಧ ಜನ ಬೂತಿಗೆ ಬಂದ್ರೆ ದೊಡ್ಡದು.

ಭಾವ ಹಾಕಿದ್ದು ನೋ. ಬ್ಯಾಂಕಿನ ಐಟಿ ಕೆಲಸ, ಯೆಸ್ ಬಂದ್ರೆ ಹೆಡ್ ಆಫೀಸ್ ಲಂಡನ್ನಿಗೆ ಎತ್ತಿಹಾಕ್ತೀವಿ ಅಂತ ದೊಡ್ಡ ದೊಡ್ಡ ಬ್ಯಾಂಕುಗಳು ಮೊದ್ಲೇ ಹೇಳಿದ್ವು, ಪೌಂಡ್ ಇರತ್ತಾ ಇಲ್ವಾ ಅನ್ನೋದಕ್ಕೂ ಯಾರೂ ನೆಟ್ಟಗೆ ಉತ್ತರ ಕೊಡ್ಲಿಲ್ಲ. ಅಕ್ಕ ಹಾಕಿದ್ದು ಯೆಸ್! ಒಂದೇ ಮನೆ, ಒಂದೇ ಬೂತು. ಗ್ಲಾಸ್ಗೋ ಊರು ಯೆಸ್ ಕಡೆ ಹೋಯ್ತು, ಎಡಿನ್‌ಬರೊ ನೋ ಕಡೆ, ಒಟ್ಟು ದೇಶ 55.3ಕ್ಕೆ 44.7 ಅಂತ ಬ್ರಿಟನ್ ಜೊತೆ ಉಳೀತು, ಆಮೇಲೆ ಒಂದು ವಾರ ಅಕ್ಕ ಭಾವನ ಹತ್ರ ಸರಿಯಾಗಿ ಮಾತಾಡ್ಲಿಲ್ವಂತೆ.

ಗೌರಿಬಿದನೂರಲ್ಲಿ ಇಡ್ಲಿ ತಿಂದು ಹಿಂದೂಪುರದ ರೋಡು ಹಿಡಿದ್ವಿ. ಹೋಟ್ಲಲ್ಲಿ ಪಕ್ಕದ ಟೇಬಲ್ಲಿನೋರು ತೆಲುಗಲ್ಲಿ ಶುರು ಮಾಡಿದ ವಾಕ್ಯನ ಕನ್ನಡದಲ್ಲಿ ಮುಗಿಸ್ತಿದ್ರು, ಈ ಕಡೆ ಅದು ಮಾಮೂಲು, ಆಂಧ್ರ ಬಾರ್ಡರು ಅಷ್ಟು ಹತ್ರ.

ವಿದುರಾಶ್ವತ್ಥಕ್ಕೆ ಜಾಸ್ತಿ ಜನ ಬರೋದು ನಾಗಪ್ರತಿಷ್ಠೆಗೆ. ಮಹಾಭಾರತದ ವಿದುರ ನೆಟ್ಟ ಅರಳಿ ಮರ ಅಂತ ಪ್ರತೀತಿ, ಆ ಹಳೇ ಮರ 2001ರಲ್ಲಿ ಬಿತ್ತು. ಸುತ್ತ ಎಲ್ಲಿ ನೋಡಿದ್ರೂ ನಾಗರಕಲ್ಲು, ಸಾವಿರಗಟ್ಟಲೆ, ಒಂದಕ್ಕೊಂದು ಒರಗಿಸಿ ಇಟ್ಟಿದಾರೆ, ಕೆಲವಂತೂ ಎಣ್ಣೆ ಅರಿಶಿನ ಮೆತ್ತಿ ಮೆತ್ತಿ ಹೆಡೆ ಯಾವ್ದು ಬಾಲ ಯಾವ್ದು ತಿಳಿಯಲ್ಲ, ಕೆಲವು ಈಗ ತಾನೇ ಕೆತ್ತಿಸಿ ತಂದ ಹಾಗೆ ಉಳಿ ಗುರುತು ಕೂಡ ಮಾಸಿಲ್ಲ. ಪೂಜೆ ಮುಗಿಸ್ಕೊಂಡು ಹೋಗೋರಲ್ಲಿ ಮುಕ್ಕಾಲು ಜನ ಪಕ್ಕದಲ್ಲೇ ಇರೋ ಹುತಾತ್ಮರ ಸ್ಮಾರಕ ವೀರಸೌಧದ ಕಡೆ ತಿರುಗಿ ನೋಡಲ್ಲ, ಅದೇ ಬೇಜಾರು.

1938ರ ಏಪ್ರಿಲ್ 25ಕ್ಕೆ ಪೊಲೀಸ್ರು ಗೋಲಿಬಾರ್ ಮಾಡಿದ್ದು ಇಲ್ಲೇ. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದ್ರಲ್ಲ, ಅದೇ ಧ್ವಜ ಸತ್ಯಾಗ್ರಹ ಈ ಕಡೆಗೂ ಬಂದಿತ್ತು. 32 ಜನ ಸತ್ರು ಅಂತ ಇಲ್ಲೆಲ್ಲ ಹೇಳೋದು, ಸರ್ಕಾರ ಆಗ ಒಪ್ಕೊಂಡ ಲೆಕ್ಕ ಅದಕ್ಕಿಂತ ತುಂಬ ಕಮ್ಮಿ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತಾರೆ, ಆದ್ರೆ ನನ್ನ ಕೇಳಿದ್ರೆ ಆ ಹೆಸರು ಅರ್ಧ ವಿಷಯ ಮುಚ್ಚಿಬಿಡತ್ತೆ. ಅಮೃತಸರದಲ್ಲಿ ಗುಂಡು ಹಾರಿಸೋಕೆ ಹೇಳಿದ್ದು ಬ್ರಿಟಿಷ್ ಅಧಿಕಾರಿ, ಇಲ್ಲಿ ಹಾರಿದ್ದು ಮೈಸೂರು ಸಂಸ್ಥಾನದ ಗುಂಡು, ಅದೂ ನಾಲ್ವಡಿಯವರ ಕಾಲದಲ್ಲಿ, ಕರೆಂಟು ಕಾಲೇಜು ಕೆಆರ್‌ಎಸ್ಸು ಎಲ್ಲ ಕೊಟ್ಟ ಮಹಾರಾಜರು ಅಂತ ಇವತ್ತಿಗೂ ಫೋಟೋ ಇಟ್ಟು ಪೂಜೆ ಮಾಡ್ತೀವಲ್ಲ, ಅವರ ಕಾಲದಲ್ಲಿ.

ಭಾವ ಗೋಡೆ ಮೇಲಿನ ಚಿತ್ರ ಬರಹ ಎಲ್ಲ ನಿಧಾನಕ್ಕೆ ಓದ್ತಾ ಬಂದ್ರು, ಆಮೇಲೆ ಹೊರಗೆ ಸ್ತೂಪದ ಹತ್ರ ನಿಂತು ಹೇಳಿದ್ರು, "ಇದು ನಮ್ಮ ಕಡೇದಕ್ಕೆ ಪೂರ್ತಿ ಉಲ್ಟಾ ಮಾವ. ಅಲ್ಲಿ ಚಿಕ್ಕ ಬಾವುಟ ಹಿಡ್ಕೊಂಡೋರು ದೊಡ್ಡದನ್ನ ಇಳಿಸಿ ಅಂತಾರೆ. ಇಲ್ಲಿ ಸಂಸ್ಥಾನದ ಹತ್ರ ಸ್ವಂತ ಬಾವುಟ ಇತ್ತು, ಗಂಡಭೇರುಂಡ ಇತ್ತು, ಜನ ಬಂದು ದೊಡ್ಡದನ್ನ ಹಾರಿಸ್ತೀವಿ ಅಂದು ಸತ್ರು."

"ದೊಡ್ಡದು ಚಿಕ್ಕದು ಅಲ್ಲ ಅಳಿಯಂದ್ರೇ" ಅಂದ್ರು ಮಾವ, "ಯಾವ್ದನ್ನ ಹಾರಿಸ್ಬೇಕು ಅಂತ ಕೇಳೋರು ಯಾರು ಅನ್ನೋದು. ದಿವಾನ್ರು ಕೇಳ್ಲಿಲ್ಲ."

ಗೋಲಿಬಾರ್ ಆದ್ಮೇಲೆ ನಡೆದಿದ್ದು ನನಗೆ ಇನ್ನೂ ಸ್ವಾರಸ್ಯ ಅನ್ಸತ್ತೆ. ವಲ್ಲಭಭಾಯಿ ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಕೂತು ಒಪ್ಪಂದ ಮಾಡ್ಕೊಂಡ್ರು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟನೂ ಹಾರಲಿ ಅಂತ. ಅಂದ್ರೆ ಎರಡೂ. ಇಷ್ಟು ಸಿಂಪಲ್ ಉತ್ತರಕ್ಕೆ ಅಷ್ಟು ಹೆಣ ಬೀಳ್ಬೇಕಿತ್ತಾ! ತಮಾಷೆ ಅಂದ್ರೆ 2018ರ ಮಾರ್ಚಲ್ಲಿ ರಾಜ್ಯ ಸರ್ಕಾರ ಹಳದಿ ಬಿಳಿ ಕೆಂಪು, ನಡುವೆ ಗಂಡಭೇರುಂಡ ಇರೋ ನಾಡಧ್ವಜ ಒಪ್ಪಿಗೆಗೆ ಅಂತ ದಿಲ್ಲಿಗೆ ಕಳಿಸ್ತಲ್ಲ, ಆ ಒಪ್ಪಿಗೆ ಬರ್ಲೇ ಇಲ್ಲ. ಎಡಿನ್‌ಬರೊದಲ್ಲಿ ನೀಲಿ ಮೇಲೆ ಬಿಳಿ ಗುಣಾಕಾರ ಗುರುತಿರೋ ಸ್ಕಾಟ್ಲೆಂಡ್ ಬಾವುಟ ಬ್ರಿಟನ್ನಿನ ಯೂನಿಯನ್ ಜ್ಯಾಕ್ ಪಕ್ಕದಲ್ಲೇ ಹಾರ್ತಿರತ್ತೆ, ಯಾರಿಗೂ ಏನೂ ಅನ್ಸಲ್ಲ ಅಂದ್ರು ಭಾವ. ಜೊತೇಲಿರಿ ಅಂತ ಹೇಳೋರು ಚಿಕ್ಕ ಬಾವುಟ ಕಂಡ್ರೆ ಯಾಕೆ ಹೆದರ್ತಾರೆ ಅನ್ನೋದು ನನಗಿನ್ನೂ ಅರ್ಥ ಆಗಿಲ್ಲ, ಹೊರಗೆ ಹೋಗೋ ಆಲೋಚನೆ ಹುಟ್ಟೋದು ಇಂಥ ಕಡೇನೇ ಅಂತ ನನ್ನ ಅನಿಸಿಕೆ.

ವಾಪಸ್ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೊರಟ್ವಿ. ಈಗ ಮಾತು ದುಡ್ಡಿಗೆ ಬಂತು, ಬರ್ಲೇಬೇಕಲ್ಲ. ಉತ್ತರ ಸಮುದ್ರದ ಎಣ್ಣೆ ನಮ್ದು ಅನ್ನೋದು ಅಲ್ಲಿ 1970ರ ದಶಕದಿಂದಲೂ ಯೆಸ್ ಕಡೆಯವರ ಘೋಷಣೆ. ಮಾವ ತಕ್ಷಣ ಕೋಲಾರದ ಚಿನ್ನ ತೆಗೆದ್ರು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಎಳೆದಿದ್ದು ಮೈಸೂರು ಸಂಸ್ಥಾನ, 1956ರಲ್ಲಿ ಗಣಿ ಕಂಪನಿಯವರ ಕೈಯಿಂದ ರಾಜ್ಯಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 2001ರಲ್ಲಿ ಬೀಗ ಬಿತ್ತು. "ಚಿನ್ನ ದಿಲ್ಲಿಗೆ, ಸೈನೈಡ್ ದಿಬ್ಬ ನಮಗೆ" ಅಂದ್ರು. ಭಾವ ಬಿಡ್ಲಿಲ್ಲ, ಎಣ್ಣೆನ ನಂಬ್ಕೊಂಡು ದೇಶ ಕಟ್ಟಿದ್ರೂ ಕಷ್ಟಾನೇ, ವೋಟಿನ ಬೇಸಿಗೇಲಿ ಬ್ಯಾರಲ್ಲಿಗೆ ನೂರು ಡಾಲರ್ ಮೇಲಿದ್ದಿದ್ದು 2016ರ ಜನವರಿಗೆ ಮೂವತ್ತಕ್ಕಿಂತ ಕೆಳಗೆ ಬಿತ್ತು ಅಂದ್ರು.

ನನಗೆ ಹೊಳೆದಿದ್ದು ಬೇರೆ. ಸ್ಕಾಟ್ಲೆಂಡಿಗೆ ಬರೋ ದುಡ್ಡು ತಲಾ ಲೆಕ್ಕದಲ್ಲಿ ಬ್ರಿಟನ್ ಸರಾಸರಿಗಿಂತ ಜಾಸ್ತಿ, ಬಾರ್ನೆಟ್ ಫಾರ್ಮುಲಾ ಅಂತ ಏನೋ ಇದೆ, ಆದ್ರೂ ನೂರಕ್ಕೆ ನಲವತ್ತೈದು ಜನ ಬ್ರಿಟನ್ ಬೇಡ ಅಂದ್ರು. ನಮ್ಮದು ಕೇಂದ್ರದ ತೆರಿಗೆ ಪಾಲಲ್ಲಿ 14ನೇ ಹಣಕಾಸು ಆಯೋಗ ಕೊಟ್ಟ 4.713 ಪರ್ಸೆಂಟು 15ನೇದರಲ್ಲಿ 3.647ಕ್ಕೆ ಇಳೀತು, ಆದ್ರೂ ಬೇರೆ ದೇಶ ಅಂದ್ರೆ ಇಲ್ಲಿ ಟೀ ಅಂಗಡೀಲೂ ಯಾರೂ ಸೀರಿಯಸ್ಸಾಗಿ ತಗೊಳಲ್ಲ, ಬೈಕೊಂಡು ಸುಮ್ನಾಗ್ತಾರೆ. ಹಾಗಾಗಿ ಲಾಭ ನಷ್ಟದ ಪಟ್ಟಿ ತೋರಿಸಿ ಈ ವಾದ ಗೆಲ್ತೀನಿ ಅನ್ನೋರನ್ನ ನಾನು ನಂಬಲ್ಲ.

ಚಿಕ್ಕಬಳ್ಳಾಪುರದ ಕಂದವಾರ ಕೆರೆ ಹತ್ರ ಕಾರು ನಿಲ್ಸಿದ್ವಿ. ನೀರಿತ್ತು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಹೆಬ್ಬಾಳ-ನಾಗವಾರ ವ್ಯಾಲಿ ಯೋಜನೇಲಿ ಪೈಪಲ್ಲಿ ಇಲ್ಲಿಗೆ ಕಳಿಸ್ತಾರೆ. ಮಾವ ಕೆರೆ ಕಡೆ ಕೈ ತೋರಿಸಿ, "ನಮ್ಮ ತೆರಿಗೆ ನಮಗೇ ಅಂತ ನಾಳೆ ಬೆಂಗಳೂರೋರೂ ಶುರು ಮಾಡಿದ್ರೆ? ನಮಗೆ ಇದೂ ಬರಲ್ಲ" ಅಂದ್ರು. ನಾನು ಬೆಂಗಳೂರಲ್ಲೇ ತೆರಿಗೆ ಕಟ್ಟೋನು, ಏನೂ ಮಾತಾಡ್ಲಿಲ್ಲ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು, ಹಾಲು ಒಕ್ಕೂಟ ಮಾತ್ರ ಒಂದೇ ಉಳೀತು, ಅದನ್ನ ಬೇರೆ ಮಾಡೋ ಜಗಳ ವರ್ಷಗಟ್ಟಲೆ ಎಳೀತು. ಹಾಲು ಹಂಚ್ಕೊಳೋದೇ ಇಷ್ಟು ಕಷ್ಟ ಆದ್ರೆ ಪೌಂಡು, ಪೆನ್ಷನ್, ಸಾಲ ಹೆಂಗಪ್ಪ ಹಂಚ್ಕೊಳೋದು.

ಮುದ್ದೇನಹಳ್ಳೀಲಿ ವಿಶ್ವೇಶ್ವರಯ್ಯನವರ ಮನೆ ಮುಂದೆ ಒಂದು ಫೋಟೋ, ಅಷ್ಟೇ. ಆದ್ರೆ ಅಲ್ಲಿಂದ ನಂದಿಗೆ ಹೋಗೋ ದಾರೀಲಿ ಮಾವ ಅವರಪ್ಪನ ಕಥೆ ಹೇಳಿದ್ರು. ಏಕೀಕರಣದ ಕಾಲದಲ್ಲಿ ತಾತ ಕಟ್ಟಾ ವಿರೋಧಿ. 1947ರ ಆಗಸ್ಟ್ 9ಕ್ಕೆ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರೋ ಪತ್ರಕ್ಕೆ ಸಹಿ ಹಾಕಿದಾಗ ತಕರಾರಿಲ್ಲ, ಜವಾಬ್ದಾರಿ ಸರ್ಕಾರ ಕೊಡಿ ಅಂತ ಮೈಸೂರು ಚಲೋ ನಡೆದು ಅಕ್ಟೋಬರಲ್ಲಿ ನಮ್ಮ ಕೋಲಾರ ಕಡೆಯ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದಾಗ ಖುಷಿಯೋ ಖುಷಿ. ಆದ್ರೆ ಧಾರವಾಡ, ಗುಲ್ಬರ್ಗದ ಕನ್ನಡದೋರ ಜೊತೆ ಒಂದಾಗ್ಬೇಕು ಅಂದ ತಕ್ಷಣ, ನಮ್ಮ ದುಡ್ಡೆಲ್ಲ ಆ ಕಡೆ ಹೋಗತ್ತೆ ಅಂತ ಶುರು. ಜಾತಿ ಲೆಕ್ಕಾಚಾರನೂ ಇತ್ತು, ಮಾವನೇ ಒಪ್ಕೊಂಡ್ರು. ಹಳೇ ಮೈಸೂರಿನೋರಾಗಿಯೂ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತ್ರು, 1956ರ ನವೆಂಬರ್ 1ಕ್ಕೆ ಆಯ್ತು. ಇಂಡಿಯಾ ಜೊತೆ ಸೇರೋಕೆ ರೆಡಿ ಇದ್ದ ಮನುಷ್ಯನಿಗೆ ಹುಬ್ಬಳ್ಳಿ ಜೊತೆ ಸೇರೋಕೆ ಭಯ!

ನಂದಿ ಮೇಲೆ ಗಾಳಿ ಜೋರಿತ್ತು, ಮಂಗಗಳು ಅದಕ್ಕಿಂತ ಜೋರು. 1986ರಲ್ಲಿ ಬೆಂಗಳೂರಲ್ಲಿ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್‌ನ ಸಮ್ಮೇಳನ ಆದಾಗ ನಾಯಕರನ್ನ ಇಲ್ಲಿಗೂ ಕರ್ಕೊಂಡು ಬಂದಿದ್ರು. ಆ ಸಾರ್ಕ್‌ನ 18ನೇ ಶೃಂಗಸಭೆ 2014ರಲ್ಲಿ ಕಠ್ಮಂಡುವಿನಲ್ಲಿ ಆಗಿದ್ದು, ಆಮೇಲೆ ಬಂದ್. ನಿಶ್ಚಿತಾರ್ಥಕ್ಕೇ ನಿಂತುಹೋದ ಸಂಬಂಧ ಇದು, ಡೈವೋರ್ಸಿನ ಪ್ರಶ್ನೇನೇ ಇಲ್ಲ ಅಂದ್ರು ಮಾವ.

ಅಷ್ಟೊತ್ತಿಗೆ ಅಕ್ಕನ ಫೋನು ಬಂತು, ಸ್ಪೀಕರ್ ಹಾಕಿದ್ವಿ. ಮಾವ ನೇರ ಕೇಳಿದ್ರು, ಇನ್ನೊಂದ್ ಸಲ ವೋಟು ಬಂದ್ರೆ? "ಮತ್ತೆ ಯೆಸ್ಸೇ ಮಾವ. ಯುರೋಪಲ್ಲಿ ಉಳೀಬೇಕಾದ್ರೆ ಬ್ರಿಟನ್ ಜೊತೆ ಇರಿ ಅಂತ ಹೆದರಿಸಿದ್ರು, ಎರಡೇ ವರ್ಷಕ್ಕೆ ಬ್ರೆಕ್ಸಿಟ್ ಮಾಡಿದ್ರು, ಸ್ಕಾಟ್ಲೆಂಡಲ್ಲಿ ನೂರಕ್ಕೆ 62 ಜನ ಬೇಡ ಅಂದ್ರೂ ಎಳ್ಕೊಂಡೇ ಹೋದ್ರು" ಅಂದ್ಲು. ಭಾವನ ಕಡೆ ನೋಡಿದ್ವಿ. "ಈಗ ನಾನೂ ಗ್ಯಾರಂಟಿ ನೋ ಅನ್ನಲ್ಲ" ಅಂದ್ರು, "ಆದ್ರೆ ವೋಟು ಬರೋದೇ ಕಷ್ಟ, ಲಂಡನ್ ಒಪ್ಪದೆ ಜನಮತಗಣನೆ ಮಾಡೋ ಹಾಗಿಲ್ಲ ಅಂತ 2022ರ ನವೆಂಬರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿಬಿಡ್ತು."

"ಅಂದ್ರೆ ಬಿಟ್ಟು ಹೋಗೋಕೂ ಅವರ ಪರ್ಮಿಷನ್ನೇ?"

"ಹೂಂ ಮಾವ. ನಮ್ಮ ಸಂವಿಧಾನದಲ್ಲಂತೂ ಆ ಬಾಗಿಲೇ ಇಟ್ಟಿಲ್ಲ."

ಇಡದೇ ಇದ್ದಿದ್ದು ಒಳ್ಳೇದಾಯ್ತು ಅಂತ ಮಾವ, ಇಟ್ಟಿದ್ರೆ ದಿಲ್ಲಿ ನಮ್ಮನ್ನ ಇನ್ನೊಂದ್ ಸ್ವಲ್ಪ ಮರ್ಯಾದೆಯಿಂದ ನೋಡ್ಕೊತಿತ್ತು ಅಂತ ನಾನು. ಗಾರ್ಡು ಸೀಟಿ ಊದಿ ಎಲ್ರನ್ನೂ ಕೆಳಗೆ ಕಳಿಸೋಕೆ ಶುರು ಮಾಡಿದ, ಉಳಿದ ಜಗಳ ದೇವನಹಳ್ಳಿ ದಾಟೋವರೆಗೂ ಕಾರಲ್ಲಿ ನಡೀತು.