ಹುಡುಗಿಯರಿಗೇ ಬೇರೆ ವಿಜ್ಞಾನ ಶಿಬಿರ ಯಾಕೆ?

ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. "ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರೇ ಮುಂದೆ ಇರ್ತಾರೆ. ಮತ್ತೆ ಅವರಿಗೇ ಅಂತ ಬೇರೆ ಶಿಬಿರ ಯಾಕೆ ಮೇಡಂ?"

ಮುಂದಿರುವುದು ನಿಜ, ಆದರೆ ಅದು ಪರೀಕ್ಷೆ ಬರೆಯುವುದರಲ್ಲಿ. ಹುಡುಗ ಹುಡುಗಿ ಇಬ್ಬರೂ ಸೇರಿ ಪ್ರಯೋಗ ಮಾಡುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಹುಡುಗನ ಕೈಲಿರುತ್ತದೆ. "ನಿನ್ನ ಅಕ್ಷರ ಚೆನ್ನಾಗಿದೆ, ನೀನು ರೀಡಿಂಗ್ ಬರ್ಕೋ" ಅಂತ ಹುಡುಗಿಗೆ ಪುಸ್ತಕ. ಯಾರೂ ಬೇಕಂತ ಮಾಡುವುದಿಲ್ಲ, ರೂಢಿ ಅಷ್ಟೇ.

ನಮ್ಮ ಶಿಬಿರದಲ್ಲಿ ಮೊದಲು ಮಾಡಿಸುವುದು ಪುಟ್ಟ ಮೋಟಾರು. ಟಾರ್ಚ್ ಸೆಲ್ಲು, ಎರಡು ಸೇಫ್ಟಿ ಪಿನ್ನು, ಅಯಸ್ಕಾಂತ, ಎನಾಮಲ್ (ಕರೆಂಟ್ ಹಾಯಲು ಬಿಡದ ಲೇಪ) ಬಳಿದ ತಾಮ್ರದ ತಂತಿ. ತಂತಿಯನ್ನು ಸುರುಳಿ ಸುತ್ತಿ ಎರಡು ತುದಿ ಹೊರಗೆ ಬಿಡಬೇಕು. ಸೆಲ್ಲಿನ ಎರಡು ಕಡೆ ನಿಲ್ಲಿಸಿದ ಪಿನ್ನುಗಳ ತೂತಿಗೆ ಈ ತುದಿಗಳನ್ನು ತೂರಿಸಿದರೆ, ಅಯಸ್ಕಾಂತದ ಎದುರು ಸುರುಳಿ ತಿರುಗಬೇಕು. ಒಂದು ತುದಿಯ ಎನಾಮಲ್ ಪೂರ್ತಿ ಕೆರೆಯಬೇಕು, ಇನ್ನೊಂದರದು ಅರ್ಧ ಮಗ್ಗುಲು ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ಅರ್ಧ ಸುತ್ತು ಹೋಗಿ, ಮತ್ತೆ ಹಿಂದಕ್ಕೆ ಎಳೆದಂತಾಗಿ ಅಲ್ಲೇ ತೂಗಾಡುತ್ತದೆ. ಅರ್ಧ ಬಿಟ್ಟರೆ, ಹಿಂದಕ್ಕೆ ಎಳೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಕಟ್ಟು. ಬಂದ ವೇಗದಲ್ಲೇ ಸುತ್ತು ಮುಗಿಯುತ್ತದೆ. ಬೋರ್ಡಿನ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗದ ಇದು, ತಪ್ಪಾಗಿ ಕೆರೆದು ಹೊಸ ತಂತಿ ಸುತ್ತಿದವಳಿಗೆ ಮರೆಯುವುದೇ ಇಲ್ಲ.

ಕೆರೆಯಲು ಬ್ಲೇಡ್ ಕೊಟ್ಟರೆ ಅಮ್ಮಂದಿರಿಗೆ ಗಾಬರಿ. ಅದೇ ಹುಡುಗಿ ಮನೆಯಲ್ಲಿ ಈಳಿಗೆಮಣೆ ಮುಂದೆ ಕೂತು ಕುಂಬಳಕಾಯಿ ಹೋಳು ಮಾಡುವಾಗ ಈ ಗಾಬರಿ ಎಲ್ಲಿ ಹೋಗಿರುತ್ತದೋ!

ಇದೇನು ಹೊಸ ಕಥೆಯಲ್ಲ. 1933ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ಅರ್ಜಿ ಹಾಕಿದ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೋಹೋನಿಯವರನ್ನು ಅಲ್ಲಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದಿದ್ದರು. ಪಟ್ಟು ಹಿಡಿದ ಮೇಲೆ, ಮೊದಲ ವರ್ಷ ನೋಡೋಣ ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

"ಹಾಗಾದ್ರೆ ಹುಡುಗರು ಏನು ಪಾಪ ಮಾಡಿದ್ರು?" ಏನೂ ಇಲ್ಲ, ಅವರಿಗೂ ಮಾಡಿ. ಒಟ್ಟಿಗೇ ಮಾಡಿದರೂ ಸರಿ, ತಲೆಗೊಂದು ಕಿಟ್ ಕೊಡುವುದಾದರೆ. ಐದು ಜನಕ್ಕೆ ಒಂದು ಕೊಟ್ಟರೆ, ಹುಡುಗಿಯರಷ್ಟೇ ಇದ್ದರೂ ಒಬ್ಬಳು ಮಾಡ್ತಾಳೆ, ನಾಲ್ವರು ನೋಡ್ತಾರೆ. ಖರ್ಚು ಜಾಸ್ತಿ ಅನ್ನಬೇಡಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ ನೋಡಿ, ತುಂಡು ತಂತಿ ಎಷ್ಟೋ ಸಲ ಸುಮ್ನೆ ಕೊಡ್ತಾರೆ. ಮತ್ತೆ ಸಂಜೆ ಬಸ್ಸಿನ ಟೈಮ್ ನೋಡಿಕೊಂಡೇ ಶಿಬಿರ ಮುಗಿಸಿ. ಕತ್ತಲಾದ ಮೇಲೆ ಮಗಳು ಮನೆಗೆ ಬಂದರೆ ಮರುದಿನ ಕಳಿಸುವುದಿಲ್ಲ.