ಷಡ್ಜ ಮಧ್ಯಮಕ್ಕೇರಿದ ಶನಿವಾರ

ನಮ್ಮ ಕಾಲೇಜಿನ ಫಿಜಿಕ್ಸ್ ಸರ್ ತೀರಿಕೊಂಡ ಮೇಲೆ, ಈ ಸಲದ ಕಾಲೇಜು ಸಂಚಿಕೆಗೆ ಅವರ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಪಾಠದ ಬಗ್ಗೆ ಬರೆಯೋಣವೆಂದರೆ ಎಂಬತ್ತರ ದಶಕದ ಬಿ.ಎಸ್ಸಿ. ಸಿಲೆಬಸ್ಸಿನಲ್ಲಿ ಏನಿತ್ತೆಂಬುದು ನಮ್ಮ ಬ್ಯಾಚಿನ ಯಾರಿಗೂ ಸರಿಯಾಗಿ ನೆನಪಿಲ್ಲ. ಎಲ್ಲರಿಗೂ ನೆನಪಿರುವುದು ಶನಿವಾರ ಮಧ್ಯಾಹ್ನ ಲ್ಯಾಬಿನ ಪಕ್ಕದ ಡಾರ್ಕ್ ರೂಮಿನಲ್ಲಿ ನಡೆಯುತ್ತಿದ್ದ ರೆಕಾರ್ಡು ಕೇಳುವ ಕ್ಲಾಸು. ಹಾಜರಿ ಇಲ್ಲ, ಮಾರ್ಕ್ಸು ಇಲ್ಲ. ಸೂಜಿ ಇಟ್ಟ ಮೇಲೆ ಆ ಸೈಡು ಮುಗಿಯುವ ತನಕ ಯಾರೂ ಮಾತಾಡಬಾರದು, ಎದ್ದು ಹೋಗಬಾರದು, ಅಷ್ಟೇ ಕಟ್ಟುಪಾಡು. ಸರ್ ಹೆಸರು ಹಾಕುತ್ತಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಹಾಕಿದ್ದರೆ ಅವರೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು.

ಧಾರವಾಡದಲ್ಲಿ ಹಾಡು ಕಲಿಸುವವರಿಗೆ ಯಾವ ಕಾಲಕ್ಕೂ ಬರವಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಊರಲ್ಲೇ ಇದ್ದ ಕಾಲ ಅದು. ಅಂಥ ಊರಿನಲ್ಲಿ ಕೇಳುವುದನ್ನು ಕಲಿಸಬೇಕು ಅಂತ ಹೊರಟವರು ನಮ್ಮ ಸರ್. ಅದಕ್ಕೆ ಅವರು ಬಳಸಿದ್ದು ರಾಗಲಕ್ಷಣವನ್ನಲ್ಲ, ಯಂತ್ರವನ್ನು. ಹಾಡು ಈ ತಟ್ಟೆಯೊಳಗೆ ಹೇಗೆ ಕೂತಿದೆ ಅಂತ ತಿಳಿದರೆ ಅದನ್ನು ಹಾಗೇಕೆ ಕಟ್ಟಿದರೆಂಬುದೂ ತಿಳಿಯುತ್ತದೆ ಎಂಬುದು ಅವರ ವಾದ.

ಎಲ್‌ಪಿ ಅಂದರೆ ಉದ್ದ ಹಾಡಿನ ದೊಡ್ಡ ರೆಕಾರ್ಡು, ಅದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗ್ರೂವ್ (ಸೂಜಿ ಓಡುವ ಗೀರು) ಹಾದುಹೋದರೆ, ನಡುವಿನ ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು 20 ಸೆಂ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಹಾಗಾಗಿ ಸೈಡಿನ ಕೊನೆಯಲ್ಲಿ ತಾರಸ್ವರ ಒಡೆಯುತ್ತದೆ, ‘ಸ’ಕಾರ ಸಿಡಿಯುತ್ತದೆ. ಇದನ್ನು ಬಲ್ಲವರು ಮೆಲ್ಲಗಿನ ಹಾಡುಗಳನ್ನು ಕೊನೆಗೆ ಇಡುತ್ತಿದ್ದರು. ಒಂದು ಸೈಡಿಗೆ 20 ನಿಮಿಷ ಹದವಾದ ಅಳತೆ. 25 ದಾಟಿದರೆ ಗ್ರೂವ್‌ಗಳನ್ನು ಒತ್ತೊತ್ತಾಗಿ ಕೊರೆಯಬೇಕು, ದನಿ ಸಣ್ಣದಾಗುತ್ತದೆ, ಬಾಸ್ ಸೊರಗುತ್ತದೆ. 1982ರ ‘ಥ್ರಿಲ್ಲರ್’ಗೆ ಆದದ್ದು ಇದೇ. ಮೊದಲು ಸಿದ್ಧವಾದ ಸೈಡುಗಳು ಉದ್ದವಾಗಿ ದನಿ ಏಳಲಿಲ್ಲ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮತ್ತು ಗಾಯಕ ಮೈಕೆಲ್ ಜಾಕ್ಸನ್ ಹಾಡುಗಳನ್ನು ಮೊಟಕುಗೊಳಿಸಿ ಒಂದೊಂದನ್ನೇ ಮತ್ತೆ ಮಿಕ್ಸ್ ಮಾಡಿಸಿದರು. ಒಟ್ಟು 42 ನಿಮಿಷ ಚಿಲ್ಲರೆಗೆ ನಿಂತಿತು. ನಮಗೆ ಅದು ಕುಣಿಯುವ ಕ್ಯಾಸೆಟ್ಟು. ಸರ್‌ಗೆ ಕತ್ತರಿ ಹಿಡಿಯುವುದು ಹೇಗೆಂಬ ಪಾಠ.

ಪ್ಲೇಯರಿಗೆ ಕೈ ಹಚ್ಚುವ ಮೊದಲು ಒಂದು ಕೆಲಸ ಮಾಡಿಸುತ್ತಿದ್ದರು. ದುಂಡಗಿನ ರಟ್ಟಿನ ಮೇಲೆ ಕೋನಮಾಪಕ ಇಟ್ಟು ಎರಡೆರಡು ಡಿಗ್ರಿಗೆ ಒಂದರಂತೆ 180 ಕರಿ ಗೆರೆ ಎಳೆಯಬೇಕು. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ರಟ್ಟನ್ನು ತಿರುಗುವ ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದರೆ, ವೇಗ ಸರಿಯಿದ್ದಾಗ ಗೆರೆಗಳು ನಿಂತಲ್ಲೇ ನಿಲ್ಲುತ್ತವೆ. ಮುಂದಕ್ಕೆ ಜಾರಿದರೆ ವೇಗ ಹೆಚ್ಚು, ಹಿಂದಕ್ಕೆ ಜಾರಿದರೆ ಬೆಲ್ಟ್ ಸಡಿಲಾಗಿದೆ ಅಥವಾ ಅಚ್ಚಿನಲ್ಲಿ ಎಣ್ಣೆ ಒಣಗಿದೆ. ಸಂಜೆ ಲೋಡ್ ಏರಿ ಕರೆಂಟಿನ ಆವರ್ತನವೇ ಕುಸಿದಾಗ ಗೆರೆಯ ಮಾತನ್ನು ನಂಬುವಂತಿಲ್ಲ. ಅದಕ್ಕೇ ಕ್ಲಾಸು ಮಧ್ಯಾಹ್ನ.

ಸೂಜಿ ಎಗರಿದರೆ ಅದರ ತಲೆಯ ಮೇಲೆ ಹತ್ತು ಪೈಸೆ ಇಡುವುದು ಆಗಿನ ಮನೆಮದ್ದು. ಸರ್‌ಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ನೇಗಿಲ ಮೇಲೆ ಕಲ್ಲು ಹೇರಿದ ಹಾಗೆ ಅದು ಗ್ರೂವ್‌ನ ಗೋಡೆಯನ್ನೇ ಕೆರೆದು, ಮೊದಲು ತಾರಸ್ವರವನ್ನು ಕಳೆಯುತ್ತದೆ. ಸೂಜಿ ಕೂರುವ ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಒಂದೂವರೆಯಿಂದ ಎರಡು ಗ್ರಾಂ ಭಾರ ಸಾಕು. ಸೂಜಿ ಎಗರುವುದಕ್ಕೆ ಬಹುತೇಕ ಕಾರಣ ನಮ್ಮೂರ ಕೆಮ್ಮಣ್ಣಿನ ಧೂಳು. ಮೆತ್ತನೆಯ ಹತ್ತಿ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿ, ಗ್ರೂವ್ ಸಾಗುವ ದಿಕ್ಕಿನಲ್ಲೇ ಸುತ್ತಿ ಒರೆಸಬೇಕು, ಅಡ್ಡಡ್ಡ ಅಲ್ಲ. ನಿಮಿಷಕ್ಕೆ 78 ಸುತ್ತಿನ ಹಳೆಯ ರೆಕಾರ್ಡಿಗೆ ಸ್ಪಿರಿಟ್ ತಾಗಿಸಲೇಬಾರದು, ಅದು ಅರಗಿನದು, ಕರಗಿಬಿಡುತ್ತದೆ. “ಮೊದಲ ಕಿವಿ ತೊಳಕೊಂಡ ಬರ್ರಿ, ಆಮ್ಯಾಲೆ ಸೂಜಿಗೆ ಬೈರಿ” ಅನ್ನುವುದು ಅವರ ರೂಢಿ ಮಾತು.

ಅಮೆರಿಕದಲ್ಲಿದ್ದ ಸಂಬಂಧಿಕರೊಬ್ಬರು ಅವರಿಗೆ ‘ಕೈಂಡ್ ಆಫ್ ಬ್ಲೂ’ ತಂದುಕೊಟ್ಟಿದ್ದರು. ಜಾಝ್ ತುತ್ತೂರಿಗಾರ ಮೈಲ್ಸ್ ಡೇವಿಸ್‌ನ ಆಲ್ಬಂ, 1959. ಮೊದಲ ಸೈಡು ಮುಗಿದಾಗ ಹಿಂದಿನ ಬೆಂಚಿನಿಂದ ಒಬ್ಬ, “ಸರ್, ಹಾಡು ಯಾವಾಗ ಸುರು ಆಗತದ್ರಿ?” ಅಂದ. “ಮುಗೀತಲ್ಲೋ ತಮ್ಮಾ!” ಅಂದರು ಸರ್. ಜಾಝ್ ಕೇಳದವರಿಗೆ ಅದರಲ್ಲಿ ಹಿಡಿತವೇ ಸಿಗುವುದಿಲ್ಲ. ತುತ್ತೂರಿ ಅಲ್ಲೇ ಸುಳಿದಾಡಿದಂತೆ ಅನಿಸುತ್ತದೆ. ಸರ್ ಮರುವಾರ ಹಾರ್ಮೋನಿಯಂ ತಂದರು. ಮೊದಲ ಹಾಡು ‘ಸೋ ವಾಟ್’ನಲ್ಲಿ ಪಾಲ್ ಚೇಂಬರ್ಸ್‌ನ ಬಾಸ್ ವಾದ್ಯ ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರಿಸುತ್ತಾರೆ. ಹಾರ್ಮೋನಿಯಮ್ಮಿನ ಬಿಳಿ ಎರಡನೇ ಮನೆಯನ್ನು ಷಡ್ಜ, ಅಂದರೆ ‘ಸ’ ಎಂದು ಹಿಡಿದರೆ ಸ್ವರಗಳೆಲ್ಲ ನಮ್ಮ ಕಾಫಿ ಥಾಟಿನವು (ಥಾಟ್ ಅಂದರೆ ರಾಗಗಳ ಸ್ವರಗುಂಪು). ಮೈಸೂರು ಕಡೆಯವರು ಖರಹರಪ್ರಿಯ ಅನ್ನಲಿ. ಹದಿನಾರು ಆವರ್ತನೆ ಹೀಗೆ ಸಾಗಿ, ಮುಂದಿನ ಎಂಟಕ್ಕೆ ಇಡೀ ಥಾಟೇ ಅರ್ಧ ಸ್ವರ ಮೇಲೇರಿ ಕಪ್ಪು ಎರಡಕ್ಕೆ ಹೋಗುತ್ತದೆ, ಕೊನೆಯ ಎಂಟಕ್ಕೆ ಮರಳಿ ಕೆಳಗಿಳಿಯುತ್ತದೆ. ಹಾರ್ಮೋನಿಯಂ ಮಾತ್ರ ಬಿಳಿ ಎರಡನ್ನೇ ಒತ್ತಿಕೊಂಡಿದ್ದರೆ ಆ ಎಂಟು ಆವರ್ತನೆ ಕಿವಿ ಚುಚ್ಚುವಷ್ಟು ಬೇಸುರ. ಷಡ್ಜ ಕದಲದ ಸಂಗೀತದಲ್ಲಿ ಬೆಳೆದವರಿಗೆ ಮನೆಯೇ ಜರುಗಿದಂತಾಗುವ ಆ ಜಾಗವನ್ನು ಒಮ್ಮೆ ಹಿಡಿದರೆ ಸಾಕು, ಆಮೇಲೆ ಸ್ಯಾಕ್ಸೊಫೋನಿನ ಕೋಲ್ಟ್ರೇನ್ ಎಷ್ಟು ದೂರ ಹೋದರೂ ದಾರಿ ತಪ್ಪುವುದಿಲ್ಲ.

ಅದೇ ಹಾರ್ಮೋನಿಯಮ್ಮಿನಿಂದ ಇನ್ನೊಂದು ತಕರಾರೂ ಹುಟ್ಟಿತು. ಎರಡನೇ ಸೈಡಿನ ‘ಆಲ್ ಬ್ಲೂಸ್’ ಜತೆ ಅದು ಕೂಡುತ್ತಿತ್ತು, ಮೊದಲ ಸೈಡಿನ ಜತೆ ಕೂಡುತ್ತಿರಲಿಲ್ಲ; ರೆಕಾರ್ಡು ತುಸು ಮೇಲಿತ್ತು. ರಟ್ಟಿನ ಗೆರೆ ಎರಡೂ ಸಲ ನಿಂತೇ ಇದ್ದವು. ಸರ್ ತಲೆ ಕೆರೆದುಕೊಂಡು, “ಪ್ಲೇಯರಿಂದಲ್ಲ, ಅವರ ಟೇಪಿಂದು ತಪ್ಪು” ಅಂತ ತೀರ್ಪು ಕೊಟ್ಟರು. ನಾವು ಒಳಗೊಳಗೇ ನಕ್ಕೆವು. ನಿಜ ಹೊರಬಿದ್ದದ್ದು 1992ರ ಮರುಮುದ್ರಣದ ಹೊತ್ತಿಗೆ. ಮೊದಲ ಸೈಡಿನ ಮೂರು ಹಾಡು ಧ್ವನಿಮುದ್ರಣವಾದ 1959ರ ಮಾರ್ಚ್ 2ರಂದು ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೋದಲ್ಲಿ ಮುಖ್ಯ ಟೇಪ್ ಯಂತ್ರ ಕೊಂಚ ನಿಧಾನ ತಿರುಗಿತ್ತು. ನಿಧಾನವಾಗಿ ತುಂಬಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಮೇಲೇರುತ್ತದೆ. ಎರಡನೇ ಸೈಡು ಏಪ್ರಿಲ್ 22ರದ್ದು, ಅದಕ್ಕೆ ಈ ದೋಷವಿಲ್ಲ. ಕೊಲಂಬಿಯಾ ಕಂಪನಿ ಮೂವತ್ತಕ್ಕೂ ಹೆಚ್ಚು ವರ್ಷ ತಪ್ಪು ಶ್ರುತಿಯಲ್ಲೇ ಮಾರಿದ್ದನ್ನು ನಮ್ಮ ಸರ್ ಧಾರವಾಡದ ಒಂದು ಹಾರ್ಮೋನಿಯಂ ಹಿಡಿದು ಕಂಡುಕೊಂಡಿದ್ದರು.

ಚರ್ಚಾಗಿದ್ದು ಸ್ಟುಡಿಯೋ ಆದ ಆ ಕಟ್ಟಡದಲ್ಲೇ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿದ. 1981ರಲ್ಲಿ ಅಲ್ಲೇ ಮತ್ತೆ ನುಡಿಸಿದ. ಮೊದಲನೆಯದು 38 ನಿಮಿಷ, ಎರಡನೆಯದು 51. ಎರಡರಲ್ಲೂ ಅವನ ಗುನುಗು ಕೇಳುತ್ತದೆ. ಬಲಗೈಯ ಬೆಡಗಿಗೆ ಮರುಳಾಗದೆ ಎಡಗೈಯ ಮಂದ್ರ ಸ್ವರಗಳನ್ನು ಹಿಂಬಾಲಿಸಿ ಅನ್ನುತ್ತಿದ್ದರು ಸರ್. ಮೂವತ್ತು ರೂಪಾಂತರಗಳೂ ನಿಂತಿರುವುದು ಆ ಮಂದ್ರದ ಸಾಲಿನ ಮೇಲೆ.

ಈಗ ಕಿಡಿಗೇಡಿತನಕ್ಕೆ ಬರೋಣ. ಹೊರಗಿನಿಂದ ಅತಿಥಿಯೊಬ್ಬರು ಬಂದಿದ್ದ ಶನಿವಾರ ‘ಕಾಲ್ ಆಫ್ ದಿ ವ್ಯಾಲಿ’ ಹಾಕುವುದೆಂದಾಗಿತ್ತು. 1967ರ ಆ ಎಲ್‌ಪಿಯಲ್ಲಿ ಶಿವಕುಮಾರ ಶರ್ಮರ ಸಂತೂರ್, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು ಸೇರಿ ಕಾಶ್ಮೀರದ ಕುರಿಗಾಹಿಯೊಬ್ಬನ ದಿನವನ್ನು ಹೇಳುತ್ತವೆ. ಬೆಳಗಿನ ಆಹಿರ್ ಭೈರವದಿಂದ ಹೊರಟು ಪಹಾಡಿಗೆ ಮುಗಿಯುತ್ತದೆ. ಮೂರು ವಾದ್ಯ ಬೇರ್ಪಡಿಸಿ ಕೇಳುವ ಉಪಾಯವನ್ನೂ ಸರ್ ಹೇಳಿಕೊಟ್ಟಿದ್ದರು: ಬಡಿದ ಕೂಡಲೇ ಕ್ಷೀಣಿಸುತ್ತ ಹೋದರೆ ಸಂತೂರ್, ಸ್ವರದಿಂದ ಸ್ವರಕ್ಕೆ ಜಾರಿದರೆ ಗಿಟಾರ್, ಉಸಿರು ಕೇಳಿದರೆ ಕೊಳಲು. ಸಂತೂರಿನಲ್ಲಿ ಮೀಂಡ್, ಅಂದರೆ ಸ್ವರದ ಜಾರು, ಸಲೀಸಾಗಿ ಬಾರದು. ಅದಕ್ಕೇ ಶರ್ಮರು ಕೋಲುಗಳನ್ನು ತಂತಿಯ ಮೇಲೆ ಜಾರಿಸಿ ದನಿಯನ್ನು ಎಳೆಯುತ್ತಿದ್ದರು.

ಅಂದು ಯಾರೋ (ಯಾರೆಂದು ಈ ಸಂಚಿಕೆ ಓದುವ ಇಬ್ಬರಿಗೆ ಗೊತ್ತು) ವೇಗದ ಗುಂಡಿಯನ್ನು 45ಕ್ಕೆ ತಳ್ಳಿದ್ದರು. ಹಾಡುವ ದನಿ ಇದ್ದಿದ್ದರೆ ಕೂಡಲೇ ಬಯಲಾಗುತ್ತಿತ್ತು. ವಾದ್ಯವಾದ್ದರಿಂದ ಅತಿಥಿಗಳು ತಲೆದೂಗುತ್ತ, “ಎಂಥಾ ಚುರುಕು ಬೆರಳು!” ಅಂದರು. ಇಪ್ಪತ್ತು ನಿಮಿಷ ನಡೆಯಬೇಕಾದ್ದು ಹದಿನೈದಕ್ಕೆ ಮುಗಿಯುವ ಲೆಕ್ಕ. ಸರ್ ಮಾತಾಡಲಿಲ್ಲ, ತಮ್ಮದೇ ಕಟ್ಟುಪಾಡು ಮುರಿಯಲಾರದೆ ಸೈಡು ಮುಗಿಯುವ ತನಕ ಕೂತಿದ್ದರು. ಅತಿಥಿಗಳು ಪೇಡೆ ತಿಂದು ಹೋದ ಮೇಲೆ, “ಷಡ್ಜ ಮಧ್ಯಮಕ್ಕ ಏರೇದ. ಏಣಿ ಹಚ್ಚಿದಾಂವ ಯಾರು?” ಅಂದರು.

ಯಾರೂ ಏಳಲಿಲ್ಲ. ಶಿಕ್ಷೆ ಇಡೀ ಕ್ಲಾಸಿಗೆ: ಷಡ್ಜ ಎಷ್ಟು ಏರಿತು, ಲೆಕ್ಕ ಮಾಡಿ. 45ನ್ನು 33⅓ರಿಂದ ಭಾಗಿಸಿದರೆ 27/20. ಶುದ್ಧ ಮಧ್ಯಮ 4/3. ಎರಡರ ನಡುವಿನ ಅಂತರ 81/80. ಬೋರ್ಡಿನ ಮೇಲೆ ಅದು ಬಂದಾಗ ಸರ್ ಸಿಟ್ಟು ಎಲ್ಲಿ ಹೋಯಿತೋ! 81/80 ಅಂದರೆ ಪ್ರಮಾಣ ಶ್ರುತಿ, ಸ್ವರಗಳ ನಡುವಿನ ಒಂದು ಸಣ್ಣ ಹೆಜ್ಜೆ. 27/20 ಅನ್ನುವುದು ಇಪ್ಪತ್ತೆರಡು ಶ್ರುತಿಗಳ ಪಟ್ಟಿಯಲ್ಲಿ ಶುದ್ಧ ಮಧ್ಯಮಕ್ಕೆ ಒಂದು ಶ್ರುತಿ ಮೇಲೆ ಕೂತ ಮಧ್ಯಮ. ಗ್ರಾಮಫೋನಿನ ಎರಡು ವೇಗಗಳ ನಡುವೆ ಒಂದು ಶ್ರುತಿ ಸರಿಯಾಗಿ ಅಡಗಿತ್ತು. ಆಮೇಲಿನ ಬ್ಯಾಚುಗಳಿಗೆ ಆ ಕಿಡಿಗೇಡಿತನವನ್ನು ಸರ್ ಪ್ರಯೋಗವೆಂದೇ ಮಾಡಿ ತೋರಿಸಿದರಂತೆ. ಶೋಧಿಸಿದವರು ಯಾರೆಂದು ಹೇಳುತ್ತಿರಲಿಲ್ಲವಂತೆ, ಅದೊಂದು ಅನ್ಯಾಯ.

ಕನ್ನಡ ಮೇಷ್ಟ್ರು ಆ ಕೋಣೆಗೆ ಅಪರೂಪಕ್ಕೆ ಬರುತ್ತಿದ್ದರು. ಬಂದರೆ ಅವರ ಕೈಯಲ್ಲಿ ‘ನಿತ್ಯೋತ್ಸವ’ ಇರುತ್ತಿತ್ತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 1978ರ ಕ್ಯಾಸೆಟ್ಟು, ಕನ್ನಡ ಭಾವಗೀತೆಯನ್ನು ಮನೆಮನೆಗೆ ತಲುಪಿಸಿದ್ದು. ಸಾಲು ಎಲ್ಲಿ ಮುರಿಯುತ್ತದೆ, ಹಾಡುವವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಎರಡೂ ಕೂಡಿದೆಯೋ ನೋಡಿ ಎನ್ನುವುದು ಅವರ ಪಾಠ. ಒಮ್ಮೆ ಅವರು, “ಏನ್ರೀ ನಿಮ್ಮ ಮಷೀನು, ಒತ್ತಕ್ಷರ ನುಂಗತದ” ಅಂತ ರೇಗಿದರು. ಸರ್ ಮೊದಲು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಟೇಪನ್ನು ಓದುವ ಹೆಡ್ಡಿನ ಮೇಲಿನ ಕಂದು ಪುಡಿ ತೆಗೆದರು. ಸಾಲಲಿಲ್ಲ. ಆಮೇಲೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು, ಹಾಡು ನಡೆಯುತ್ತಿರುವಾಗಲೇ, ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸಿ ‘ಶ’ಕಾರ ಅತ್ಯಂತ ಚೂಪಾಗಿ ಕೇಳುವಲ್ಲಿ ನಿಲ್ಲಿಸಿದರು. ಟೇಪು ಸೆಕೆಂಡಿಗೆ ಐದು ಸೆಂ.ಮೀ.ಗೂ ಕಡಿಮೆ ಓಡುತ್ತದೆ. ಹೆಡ್ಡಿನ ಸೀಳು ಕೂದಲೆಳೆಯಷ್ಟು ಓರೆಯಾದರೂ ಮೊದಲು ಹೋಗುವುದು ವ್ಯಂಜನದ ಅಂಚು. ಇಬ್ಬರು ಮೇಷ್ಟ್ರುಗಳೂ ಒಪ್ಪಿದ ಏಕೈಕ ಸ್ಕ್ರೂ ಅದು.

ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಬಂದಾಗ ತಬಲಾ ಬಲ್ಲ ಗೆಳೆಯನೊಬ್ಬ ಎರಡನೇ ಸೈಡಿನ ‘ಮನಿ’ಗೆ ಹದಿನಾರು ಮಾತ್ರೆಯ ತೀನ್‌ತಾಲ ಹಾಕಿ ಮುಗ್ಗರಿಸಿದ. ಅದು ಏಳು ಮಾತ್ರೆ. ನಾಣ್ಯದ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು ಇತ್ಯಾದಿ ಏಳು ಸದ್ದುಗಳ ಟೇಪನ್ನು ಅಳತೆ ಹಿಡಿದು ಸಮನಾಗಿ ಕತ್ತರಿಸಿ, ಅಂಟಿಸಿ, ಉಂಗುರ ಮಾಡಿ ತಿರುಗಿಸಿದ್ದು. ಏಳು ಮಾತ್ರೆಯ ರೂಪಕ್ ತಾಳ ಹಾಕಿದರೆ ಕೂಡುತ್ತದೆ, ಆದರೆ ರೂಪಕ್‌ಗೆ ಸಮದಲ್ಲೇ (ಮೊದಲ ಮಾತ್ರೆಯಲ್ಲೇ) ಖಾಲಿ, ಅಂದರೆ ಭಾರವಿಲ್ಲದ ಪೆಟ್ಟು. ಇಲ್ಲಿ ಮೊದಲ ಮಾತ್ರೆಗೇ ಭಾರ. ಸ್ಯಾಕ್ಸೊಫೋನ್ ಏಳರಲ್ಲೇ ಹೊರಳಾಡುತ್ತದೆ, ಗಿಟಾರ್ ಬಂದಾಗ ಮಾತ್ರ ನಾಲ್ಕಕ್ಕೆ ಬದಲಾಗಿ ಮತ್ತೆ ಏಳಕ್ಕೆ ಮರಳುತ್ತದೆ. ಮೊದಲ ಸೈಡಿನ ತುದಿಯಲ್ಲಿ ಕ್ಲೇರ್ ಟೋರಿಯ ಶಬ್ದವಿಲ್ಲದ ಆಲಾಪವಿದೆ. ಸೂಜಿ ಸವೆದಿದೆಯೇ ಅಂತ ನೋಡಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ: ಸವೆದಿದ್ದರೆ ಅವಳ ತಾರಸ್ವರ ಹರಿದ ಬಟ್ಟೆಯಾಗುತ್ತದೆ.

‘ಶಕ್ತಿ’ ವಾದ್ಯತಂಡದ ಮೊದಲ ಆಲ್ಬಂ ಕೂಡ ಒಂದು ಕಾಲೇಜಿನಲ್ಲೇ, ಲಾಂಗ್ ಐಲೆಂಡಿನಲ್ಲಿ, 1975ರ ಜುಲೈನಲ್ಲಿ ಸಭಿಕರೆದುರು ಧ್ವನಿಮುದ್ರಣವಾದದ್ದು. ಜಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟ. ಸರ್ ಅದನ್ನು ಪ್ರತಿ ವರ್ಷ ಪ್ರಿನ್ಸಿಪಾಲರಿಗೆ ಹೇಳಿ ನಮ್ಮ ಸಭಾಂಗಣಕ್ಕೆ ಒಳ್ಳೆಯ ಮೈಕ್ ಕೇಳುತ್ತಿದ್ದರು. ಸಿಗಲಿಲ್ಲ.

ಈಗಿನ ಹುಡುಗರ ಫೋನಿನಲ್ಲಿ ಇವೆಲ್ಲವೂ ಇವೆ, ನಮಗಿದ್ದ ಕೊರತೆ ಅವರಿಗಿಲ್ಲ. ಆದರೆ ಶನಿವಾರ ಮಧ್ಯಾಹ್ನಕ್ಕೂ ಕ್ರೆಡಿಟ್, ಇಂಟರ್ನಲ್, ಪ್ರಾಜೆಕ್ಟ್ ಫೈಲು ತುಂಬಿದ ಕಾಲೇಜಿನಲ್ಲಿ ಇಪ್ಪತ್ತು ನಿಮಿಷ ಬಾಯಿ ಮುಚ್ಚಿ ಕೂರುವುದಕ್ಕೆ ಯಾರು ಅಂಕ ಕೊಡುತ್ತಾರೆ? ಕೇಳುವ ಮನಸ್ಸಿದ್ದವರು ಇಷ್ಟಾದರೂ ಮಾಡಿ: ಆ್ಯಪ್‌ನಲ್ಲಿ ಶಫಲ್ ತೆಗೆಯಿರಿ, ಕ್ರಾಸ್‌ಫೇಡ್ ತೆಗೆಯಿರಿ, ಅದಿದ್ದರೆ ‘ಡಾರ್ಕ್ ಸೈಡ್’ನ ಬೆಸುಗೆಗಳೆಲ್ಲ ಕಲಸುತ್ತವೆ. ಸೈಡು ಎಲ್ಲಿ ಮುಗಿಯುತ್ತಿತ್ತೋ ಅಲ್ಲಿ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ಮುಂದಿನದು ಹಾಕಿ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗಲಿ. ಬಾಸ್ ಕೇಳದಿದ್ದರೆ ಒಂದು ಸ್ಪೀಕರಿನ ಎರಡು ತಂತಿ ಅದಲುಬದಲು ಮಾಡಿ ನೋಡಿ. ಅರ್ಧ ಊರಿನ ಸ್ಪೀಕರುಗಳು ಉಲ್ಟಾ ಜೋಡಿಸಿದವೇ. ಸಭೆ ಸಮಾರಂಭವಿದ್ದರೆ ಇಂಥದ್ದಕ್ಕೆ ನಮ್ಮ ಓಣಿಯಲ್ಲಿ ಈಗಲೂ ನನ್ನನ್ನೇ ಕರೆಯುತ್ತಾರೆಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ.

ಸರ್ ಮನೆಯವರು ಅವರ ರೆಕಾರ್ಡುಗಳನ್ನೂ ಪ್ಲೇಯರನ್ನೂ ಕಾಲೇಜು ಲೈಬ್ರರಿಗೆ ಕೊಟ್ಟಿದ್ದಾರೆಂದು ಕೇಳಿದೆ. ಒಂದರ ಮೇಲೊಂದು ಅಡ್ಡ ಪೇರಿಸಬೇಡಿ, ಬಾಗುತ್ತವೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಮಳೆಗಾಲಕ್ಕೆ ಮೊದಲು ಕಾಗದದ ಒಳಚೀಲ ತೆಗೆದು ಪ್ಲಾಸ್ಟಿಕ್ಕಿನದು ಹಾಕಿ, ಇಲ್ಲವಾದರೆ ಬೂಸಲು ಹಿಡಿಯುತ್ತದೆ. ಪ್ಲೇಯರಿನ ಬೆಲ್ಟ್ ಇಷ್ಟರಲ್ಲಿ ಹಿಗ್ಗಿರುತ್ತದೆ, ಹೊಸದು ತರಿಸಿ. ಸೂಜಿ ಬದಲಿಸುವ ತನಕ ಒಂದು ರೆಕಾರ್ಡನ್ನೂ ಹಾಕಕೂಡದು. 180 ಗೆರೆಯ ಆ ರಟ್ಟು ಕಳೆದಿದ್ದರೆ ತಿಳಿಸಿ, ಹೊಸದನ್ನು ಎಳೆದು ಕಳಿಸುತ್ತೇನೆ.