ಕೊಡಗಿನ ಕೊನೆ ದಿನ, ಕಾವೇರಿ ನಡುಗಡ್ಡೆಯಲ್ಲಿ

11 ಡಿಸೆಂಬರ್ 2024, ಬುಧವಾರ
ಕುಶಾಲನಗರ

ಸಂಜೆ ಮೈಸೂರು ಬಸ್ಸು. ಅಷ್ಟರೊಳಗೆ ದುಬಾರೆ, ಹಾರಂಗಿ, ಬೈಲುಕುಪ್ಪೆ ಎಲ್ಲಾ ಮುಗಿಸೋಣ ಅಂತ ಭಾವನ ಆಸೆ. "ಒಂದೇ ಜಾಗ ಸಾಕು ಕಣ್ರೀ, ಕಾಲು ನೋಯ್ತಿದೆ" ಎಂದಳು ಅಕ್ಕ. ಹಾಗಾಗಿ ಊರ ಪಕ್ಕದ ಕಾವೇರಿ ನಿಸರ್ಗಧಾಮ.

ಹೊಳೆ ನಡುವೆ ಸುಮಾರು 64 ಎಕರೆ ನಡುಗಡ್ಡೆ ಇದು. ತೂಗುಸೇತುವೆ ದಾಟಿ ಹೋಗಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಗೇಟು ಮುಚ್ಚುತ್ತಾರೆ. ಈಗ ನೀರು ಇಳಿದು ಬಂಡೆಗಳು ಮೈ ಒಣಗಿಸಿಕೊಳ್ಳುತ್ತಿವೆ.

ಬಹಳ ಜನ ಸೇತುವೆ ಮೇಲೆ ಸೆಲ್ಫಿ ತೆಗೆದು, ಬೇಲಿಯೊಳಗಿನ ಜಿಂಕೆಗೆ ಟಾಟಾ ಮಾಡಿ ವಾಪಸ್ ಹೊರಡುತ್ತಾರೆ. ಜಿಂಕೆ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಇಲ್ಲಿ ನೋಡಬೇಕಾದ್ದು ಬಿದಿರು ಮೆಳೆ. ಎರಡು ಮನೆ ಎತ್ತರ ಬೆಳೆದು ದಾರಿ ಮೇಲೆ ಬಾಗಿದೆ. ಗಾಳಿ ಬಂದರೆ ಒಂದಕ್ಕೊಂದು ಉಜ್ಜಿ ಕಿರ್‌ರ್ ಅನ್ನುತ್ತವೆ. ಪುಟ್ಟಿ ಹೆದರಿ ಅಕ್ಕನ ಸೆರಗು ಹಿಡಿದಳು. ಇಷ್ಟು ಎತ್ತರ ಇದ್ದರೂ ಬಿದಿರು ಮರ ಅಲ್ಲ, ಹುಲ್ಲಿನ ಜಾತಿ. ಹತ್ತಾರು ವರ್ಷ ಸುಮ್ನೆ ಬೆಳೆದು, ಒಮ್ಮೆ ಹೂ ಬಿಟ್ಟು, ಅಕ್ಕಿ ಉದುರಿಸಿ ಇಡೀ ಮೆಳೆ ಸತ್ತುಹೋಗುತ್ತದೆ. ಆಡಿ ತಿಂಗಳ ಮಳೆಯಲ್ಲಿ ಬಂದಿದ್ದರೆ ಊಟಕ್ಕೆ ಕಳಲೆ, ಅಂದರೆ ಎಳೆ ಬಿದಿರ ಮೊಳಕೆಯ ಸಾರು ಸಿಗುತ್ತಿತ್ತು.

ನೀರಂಚಿನಲ್ಲಿ ಕೂತೆವು. ಎದುರಿನ ಬಂಡೆ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ನಿಂತಿತ್ತು. "ಯಾಕತ್ತೆ ಅದು ಹಾಗೆ ನಿಂತಿದೆ?" ಅಂತ ಪುಟ್ಟಿ. ಅದರ ರೆಕ್ಕೆಗೆ ನೀರು ಹಿಡಿಯುತ್ತದೆ, ಮೈ ಭಾರವಾಗಿ ಮುಳುಗೋದು ಸುಲಭ, ಮೀನು ಹಿಡಿಯೋಕೆ ಅನುಕೂಲ. ಆಮೇಲೆ ಹೀಗೆ ಬಿಸಿಲು ಕಾಯಿಸಬೇಕು. ಮಿಂಚುಳ್ಳಿ ಮಾತ್ರ ನಿಲ್ಲಲೇ ಇಲ್ಲ, ನೀಲಿ ಗೆರೆ ಎಳೆದಂತೆ ಹೋಯಿತು. ಮಂಗಗಳು ನಮ್ಮ ಕಿತ್ತಳೆ ಚೀಲ ಕಿತ್ತುಕೊಂಡವು. ಭಾವ ಕೋಲು ಹಿಡಿದು ಅಟ್ಟಿಸಿಕೊಂಡು ಹೋದರು, ಸಿಪ್ಪೆ ಸಿಕ್ಕಿತು.

ನೀರಿಗಿಳಿಯಬೇಡಿ ಅಂತ ಬೋರ್ಡಿದೆ. ಹೊಳೆ ಮೆಲ್ಲಗೆ ಹರಿಯುವಂತೆ ಕಂಡರೂ ಒಳಗೆ ಗುಂಡಿಗಳಿರುತ್ತವೆ. ಇದೇ ನೀರು ಮುಂದೆ ಕೆಆರ್‌ಎಸ್ ತುಂಬೋದು, ಅಲ್ವಾ? ನಮಗಿಂತ ನಿಧಾನವಾಗಿ ಮೈಸೂರು ಕಡೆ ಹೊರಟಿದೆ.

ಮಧ್ಯಾಹ್ನ ಊಟಕ್ಕೆ ಕಡಂಬುಟ್ಟು (ಅಕ್ಕಿತರಿ ಕಡುಬು), ಕೋಳಿ ಸಾರು. ಭಾವನಿಗೆ ಹಂದಿ ಮಾಂಸದ ಪಂದಿಕರಿ. ಆ ಹುಳಿ, ಹಣ್ಣಿನ ರಸ ಬತ್ತಿಸಿ ಮಾಡುವ ಕಪ್ಪು ಕಾಚಂಪುಳಿಯದು ಅಂತ ಹೋಟೆಲಿನವರು ಹೇಳಿದ್ದೇ ತಡ, ಅಕ್ಕ ಪಕ್ಕದ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡಳು. ಬಸ್ಸಲ್ಲಿ ಚೆಲ್ಲಿದರೆ ಬಟ್ಟೆಯೆಲ್ಲ ಕಪ್ಪು ಅಂತ ಭಾವ ಈಗ ಅದನ್ನು ಟವೆಲಲ್ಲಿ ಸುತ್ತುತ್ತಿದ್ದಾರೆ. ನನ್ನ ಟವೆಲ್.